ಕಬ್ಬಿನ ಬುಡದ ಪೊಟ್ಯಾಷ್, ಬಿಕಿನಿಯ ತೆಂಗು

ಮೂಡಲಗಿ ಸೀಮೆಯ ಕಬ್ಬಿನ ಹೊಲ. ಘಟಪ್ರಭಾ ಕಾಲುವೆಯ ನೀರು ಸಾಲುಗಳೊಳಗೆ ಇಳಿದು ಎರೆಮಣ್ಣು ಮೆತ್ತಗಾಗಿದೆ. ಬುಟ್ಟಿಯನ್ನು ಸೊಂಟಕ್ಕೊತ್ತಿಕೊಂಡ ರೈತ ಇಟ್ಟಿಗೆಪುಡಿಯಂಥ ಪೊಟ್ಯಾಷನ್ನು ಬುಡಬುಡಕ್ಕೆ ಚೆಲ್ಲುತ್ತ ಸಾಗುತ್ತಾನೆ. ಅಂಗೈ ಕೆಂಪಗಾಗಿದೆ. ‘ಇದ ಹಾಕಿದ್ರ ಕಬ್ಬು ತೂಕ ಬರ್ತೈತ್ರಿ’ ಎಂಬ ಮಾತು ಗೋಕಾಕದ ಬದುವಿನಲ್ಲೂ ಸಿಗುತ್ತದೆ, ಹುಕ್ಕೇರಿಯ ಬದುವಿನಲ್ಲೂ.

ಪೊಟ್ಯಾಸಿಯಂನ ಇದೇ ಉಪ್ಪನ್ನು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ತೆಂಗಿನ ಬುಡಕ್ಕೆ ಹಾಕಿದ್ದಾರೆ. ತೂಕಕ್ಕಲ್ಲ, ಕಾಯಿ ತಿಂದವರ ಮೈಯೊಳಗೆ ವಿಕಿರಣ ಸೂಸುವ ಸೀಸಿಯಂ ಸೇರದಿರಲೆಂದು.

1946ರಲ್ಲಿ ಅಮೆರಿಕ ಅಲ್ಲಿನ 167 ಜನರನ್ನು ಎಬ್ಬಿಸಿ ಅಣುಬಾಂಬ್ ಪರೀಕ್ಷೆ ಶುರುಮಾಡಿತು. 1954ರ ಮಾರ್ಚ್ 1ರಂದು ಸಿಡಿಸಿದ ‘ಬ್ರಾವೋ’ದ ಬಲ 15 ಮೆಗಾಟನ್. ಹವಳದ ಬಿಳಿ ಬೂದಿ ರಾಂಗೆಲಾಪ್ ದ್ವೀಪದವರ ತಲೆಯ ಮೇಲೆ, ಕುಡಿಯುವ ನೀರಿನ ಮೇಲೆ ಉದುರಿತು. ಮುಂದಿನ ತಿಂಗಳೇ ನೆಹರೂ ಲೋಕಸಭೆಯಲ್ಲಿ ಇಂಥ ಪರೀಕ್ಷೆಗಳನ್ನು ನಿಲ್ಲಿಸಿ ಎಂದು ಜಗತ್ತನ್ನು ಕೇಳಿದರು. ಆದರೂ ಪರೀಕ್ಷೆಗಳು ಆಗ ನಿಲ್ಲಲಿಲ್ಲ.

ಬೂದಿ ಬಿದ್ದ ಮೇಲೆ ಊರು ಬಿಡಿಸಿದ್ದ ರಾಂಗೆಲಾಪಿನವರನ್ನು 1957ರಲ್ಲೇ ವಾಪಸು ಕಳಿಸಿದರು. ಬಿಕಿನಿಗೂ ಎಪ್ಪತ್ತರ ದಶಕದಲ್ಲಿ ಕೆಲವು ಕುಟುಂಬಗಳು ಮರಳಿದವು. ಹೊಸದಾಗಿ ನೆಟ್ಟ ತೆಂಗು ಕಾಯಿಬಿಟ್ಟಿತು. ಜನ ಎಳನೀರು ಕುಡಿದರು, ಕೊಬ್ಬರಿ ತಿಂದರು. ಮೈಯೊಳಗಿನ ವಿಕಿರಣ ಅಳೆಯುವ ಯಂತ್ರದಲ್ಲಿ ಸೀಸಿಯಂ–137ರ ಅಂಕಿ ಏರಿತು. 1978ರಲ್ಲಿ ಅವರನ್ನು ಮತ್ತೆ ದೋಣಿ ಹತ್ತಿಸಿದರು. ಮಣ್ಣು ಅಳೆದು ಸುರಕ್ಷಿತವೆಂದು ಹೇಳಿದವರು ಊಟವನ್ನು ಸರಿಯಾಗಿ ಅಳೆಯಲಿಲ್ಲ. ಇದು ನನಗೆ ಕ್ಷಮಿಸಲಾಗದ ತಪ್ಪೆನಿಸುತ್ತದೆ.

ತಪ್ಪಿನ ಬೇರು ಮಣ್ಣಿನಲ್ಲಿದೆ. ನಮ್ಮ ಎರೆಯಲ್ಲಿ ಜೇಡಿ ದಂಡಿಯಾಗಿದೆ, ಪೊಟ್ಯಾಸಿಯಂ ಕೂಡ ಇದೆ. ಸೀಸಿಯಂ ಬಿದ್ದರೂ ಜೇಡಿ ಅದನ್ನು ಬಹುಮಟ್ಟಿಗೆ ಹಿಡಿದಿಡುತ್ತದೆ. ಹವಳದ ಮಣ್ಣೆಂದರೆ ಬರೀ ಸುಣ್ಣ. ಅದರಲ್ಲಿ ಜೇಡಿ ಇಲ್ಲವೆನ್ನುವಷ್ಟು ಕಡಿಮೆ, ಪೊಟ್ಯಾಸಿಯಂ ಅತ್ಯಲ್ಪ. ಹಸಿದ ಬೇರು ಪೊಟ್ಯಾಸಿಯಂ ಎಂದೇ ಸೀಸಿಯಂ ಹೀರುತ್ತದೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಪೊಟ್ಯಾಷ್ ಹಾಕಿ ನೋಡಿದಾಗ ಕಾಯಿಯೊಳಗಿನ ಸೀಸಿಯಂ ಹತ್ತರಲ್ಲೊಂದು ಪಾಲಿಗಿಂತ ಕೆಳಗಿಳಿಯಿತು. ಮಳೆಯೂ ಅದನ್ನು ಕೆಳಗೆ ತೊಳೆಯುತ್ತಿದೆ: 30 ವರ್ಷದ ಅರ್ಧಾಯುಷ್ಯದ ವಸ್ತು ಅಲ್ಲಿನ ಗಿಡಗಳಲ್ಲಿ ಸುಮಾರು 9 ವರ್ಷಕ್ಕೇ ಅರ್ಧವಾಗುತ್ತಿದೆ. ಹಡಗಿನಲ್ಲಿ ಬರುವ ಅಕ್ಕಿ, ಡಬ್ಬಿ ಮಾಂಸಗಳಿಂದಲೂ ಮೈಗೆ ಸೇರುವ ಸೀಸಿಯಂ ಪಾಲು ಇಳಿದಿದೆ. ಅಷ್ಟರಮಟ್ಟಿಗೆ ತಮ್ಮ ಊಟವನ್ನೇ ದ್ವೀಪದ ಜನ ಬಿಟ್ಟಿದ್ದಾರೆ.

ಗೋಕಾಕದ ಪೇಟೆಯಲ್ಲಿ ಕರದಂಟಿನ ಅಂಗಡಿಗಳು. ಕಾದ ಬೆಲ್ಲಕ್ಕೆ ಹುರಿದ ಅಂಟು, ಉತ್ತತ್ತಿ, ಕೊಬ್ಬರಿ ಬೀಳುತ್ತಿವೆ. ತುಪ್ಪದ ಘಮ ಬೀದಿಗೆ ಹರಡಿದೆ. ಬಾಣಂತಿಗೆ ಶಕ್ತಿ ಬರಲೆಂದು ಒಯ್ಯುವವರಿದ್ದಾರೆ. ಆ ಕೊಬ್ಬರಿ ಯಾವ ಮಣ್ಣಿನದೆಂದು ಯಾರೂ ಕೇಳಬೇಕಿಲ್ಲ. ರಾಂಗೆಲಾಪಿನ ತಾಯಂದಿರು ಅದನ್ನೇ ಕೇಳುತ್ತಿದ್ದರು. ಉತ್ತರದಲ್ಲಿ ನಂಬಿಕೆ ಸತ್ತು, 1985ರಲ್ಲಿ ಊರಿಗೆ ಊರೇ ಪರಿಸರ ಹೋರಾಟಗಾರರ ‘ರೇನ್‌ಬೋ ವಾರಿಯರ್’ ಹಡಗು ಹತ್ತಿತು. ಬಿಕಿನಿಯವರ ಮೊಮ್ಮಕ್ಕಳು ಕಿಲಿ, ಮಜೂರೋ ದ್ವೀಪಗಳಲ್ಲಿ ಬೆಳೆದಿದ್ದಾರೆ.