ನಮ್ಮೂರಿಗೆ ವಿದೇಶ ಪ್ರವಾಸ ಬಂದವರು

ವಿದೇಶ ಪ್ರವಾಸದ ಬರಹವೆಂದರೆ ಲಂಡನ್ನಿನ ಸೇತುವೆ, ಪ್ಯಾರಿಸ್ಸಿನ ಗೋಪುರ ಇದ್ದೇ ಇರುತ್ತವೆ. ನನ್ನ ಬರಹದಲ್ಲಿ ಸಿಗುವುದು ಸಿಂಧನೂರು, ಮಸ್ಕಿ, ಲಿಂಗಸುಗೂರು. ಮೂರೂ ರಾಯಚೂರು ಜಿಲ್ಲೆಯ ಊರುಗಳು, ಮೂರೂ ಒಂದೇ ಹೆದ್ದಾರಿಯ ಮೇಲಿವೆ. ಇಲ್ಲಿಗೆ ಪ್ರವಾಸ ಬಂದವರು ಅಮೆರಿಕದ ಡಲ್ಲಾಸಿನಲ್ಲಿ ಹುಟ್ಟಿದ ನನ್ನ ಇಬ್ಬರು ಮೊಮ್ಮಕ್ಕಳು. ಅವರ ಲೆಕ್ಕದಲ್ಲಿ ಸಿಂಧನೂರೇ ವಿದೇಶ!

ಕಳೆದ ವರ್ಷ ಜೂನ್ ಮೊದಲ ವಾರ ಮಗಳು ಅವರನ್ನು ಕರೆದುಕೊಂಡು ಬಂದಳು, ಎರಡು ತಿಂಗಳು ಇರಲು. ಸಣ್ಣವನಿಗೆ ಏಳು ವರ್ಷ. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆಯಲ್ಲಿ ಒಂದೇ ದಿನಕ್ಕೆ ಓಣಿಯ ಹುಡುಗರ ಜೊತೆ ಗೋಲಿ ಆಡುತ್ತಿದ್ದ. ಕಷ್ಟವಾಗಿದ್ದು ಹನ್ನೊಂದು ವರ್ಷದ ದೊಡ್ಡವಳಿಗೆ. ಆಕೆ ಅಲ್ಲಿ ವಾರಕ್ಕೊಮ್ಮೆ ಕನ್ನಡ ಕ್ಲಾಸಿಗೆ ಹೋಗಿ ಓದು ಬರಹ ಕಲಿತಿದ್ದಳು. ಬಂದ ಮೂರನೆಯ ದಿನ ಪಕ್ಕದ ಮನೆಯ ಹುಡುಗಿಯನ್ನು, "ನಿಮ್ಮ ಮೇಕೆಯು ಏನನ್ನು ತಿನ್ನುತ್ತದೆ?" ಎಂದು ಕೇಳಿದಳು. ಪಾಪ, ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ಆದರೆ ಓಣಿಯ ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಜೆಯ ಹೊತ್ತಿಗೆ "ಪುಸ್ತಕದಾಕಿ" ಎಂದು ಹೆಸರೂ ಬಿತ್ತು. ಅಂದಿನಿಂದ ಆಕೆಯ ಬಾಯಿಂದ ಕನ್ನಡ ನಿಂತುಹೋಯಿತು.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು. ನನ್ನ ಮನೆಯಲ್ಲೇ ಹೀಗಾದರೆ ಹೇಗನಿಸಬೇಡ? ಅದರ ಮೇಲೆ ನಮ್ಮ ಕಡೆಯ ರೂಢಿ ನಿಮಗೆ ಗೊತ್ತೇ ಇದೆ. ಬಂದವರಿಗೆ ನೀರಿನ ಚೊಂಬು ಕೊಡುವ ಮೊದಲೇ, "ಯಾವೂರವ್ವಾ ತಂಗಿ?" ಎಂಬ ಪ್ರಶ್ನೆ ಬರುತ್ತದೆ. ಮನೆಗೆ ಬಂದವರೆಲ್ಲ ಅದನ್ನೇ ಕೇಳಿದರು. ಆಕೆ ಅಮ್ಮನ ಸೆರಗಿನ ಹಿಂದೆ ಸರಿದಳು. "ಬಿಡಪ್ಪಾ, ಒತ್ತಾಯ ಮಾಡಬ್ಯಾಡ" ಎಂದಳು ಮಗಳು. ನಾನು ಬಿಟ್ಟೆ. ಆದರೆ ಮನೆಯಲ್ಲಿ ಕೂರಲು ಬಿಡಲಿಲ್ಲ. ಒಂದು ಭಾನುವಾರ ಬೆಳಗಿನ ಜಾವ ಎಲ್ಲರೂ ಮಸ್ಕಿಗೆ ಹೊರಟೆವು.

ಮಸ್ಕಿಯ ದುರ್ಗದ ಗುಡ್ಡದಲ್ಲಿ ಅಶೋಕನ ಶಾಸನದ ಬಂಡೆ ಇದೆ. 1915ರಲ್ಲಿ ಇದನ್ನು ಕಂಡವನು ಬೀಡನ್ ಎಂಬ ಗಣಿ ಎಂಜಿನಿಯರ್. ಅವನು ಈ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ, ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲಿನ ಬರಹ. ಮಕ್ಕಳೇ, ಇದು ಯಾಕೆ ದೊಡ್ಡ ಸುದ್ದಿಯಾಯಿತು ಎಂದರೆ, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೆ ದೇಶದ ಎಷ್ಟೋ ಬಂಡೆ, ಕಂಬಗಳ ಮೇಲೆ ಸಿಕ್ಕ ಹೆಸರು "ದೇವಾನಂಪಿಯ ಪಿಯದಸಿ", ಅಂದರೆ ದೇವರಿಗೆ ಪ್ರಿಯನಾದ ಪ್ರಿಯದರ್ಶಿ. ಇವನೇ ಅಶೋಕ ಎಂದು ವಿದ್ವಾಂಸರು ಬೇರೆ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ಕಲ್ಲಿನ ಮೇಲೆ "ಅಶೋಕ" ಎಂಬ ಹೆಸರೇ ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ. ಆಮೇಲೆ ನೆರೆಯ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಸಿಕ್ಕಿತು.

ಬಂಡೆಯ ಹತ್ತಿರ ಎಂಟನೇ ಕ್ಲಾಸಿನ ಹುಡುಗನೊಬ್ಬ ಆಡು ಕಾಯುತ್ತಿದ್ದ. ನಾನು ಮಕ್ಕಳಿಗೆ ವಿವರಿಸುತ್ತಿದ್ದುದನ್ನು ಕೇಳಿ, ಕೇಳದೆಯೇ ಗುರುವಾದ. ಬೆಣಚುಕಲ್ಲಿನಿಂದ ನೆಲದ ಮೇಲೆ ಮೂರು ಅಕ್ಷರ ಕೊರೆದ. "ಅ" ಎಂದರೆ ಬೆನ್ನು ತಿರುಗಿಸಿ ನಿಂತ ಇಂಗ್ಲಿಷಿನ ಕೆ ಅಕ್ಷರದ ಹಾಗೆ. "ಕ" ಎಂದರೆ ಲೆಕ್ಕದ ಕೂಡಿಸುವ ಗುರುತು, ಅಷ್ಟೇ. ನಡುವಿನ "ಸೋ" ಬರೆಯುವಾಗ ಎರಡು ಸಲ ಅಳಿಸಿದ. "ನಮ್ಮ ಸರ್ ಕಲಿಸ್ಯಾರ" ಎಂದ.

ನಮ್ಮ ದೊಡ್ಡವಳು ಕುಕ್ಕರಗಾಲಿನಲ್ಲಿ ಕೂತು ಅದನ್ನೇ ತಿದ್ದತೊಡಗಿದಳು. ಕನ್ನಡದ "ಕ" ಕಲಿಯುವುದಕ್ಕೆ ತಿಂಗಳು ಹಿಡಿದಿತ್ತಂತೆ, ಇದು ಒಂದೇ ನಿಮಿಷ! ಹುಡುಗ ಸಹಜವಾಗಿ ಕೇಳಿದ, "ನಿಮ್ಮೂರು ಯಾವ್ದು?" ಆಕೆ ನನ್ನ ಮುಖ ನೋಡಿದಳು. ನಾನು ಗುಡ್ಡ ನೋಡಿದೆ. ಹುಡುಗನಿಗೆ ಕಾಯುವ ವ್ಯವಧಾನ ಇರಲಿಲ್ಲ. "ಅಶೋಕಂದು ಪಾಟ್ನಾ ಅಂತ. ಇದು ಅವರ ಕಡಿ ಮಾತಂತ. ನಮಗೂ ತಿಳಿಯಂಗಿಲ್ಲ, ನಿಮಗೂ ತಿಳಿಯಂಗಿಲ್ಲ" ಎಂದವನೇ ಆಡಿನ ಹಿಂದೆ ಓಡಿದ. ಮಾತು ನಿಜವೇ. ಆ ಶಾಸನದ ಭಾಷೆ ಪ್ರಾಕೃತ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಎಲ್ಲಿಂದಲೋ ಬಂದ ಮಾತು ನಮ್ಮ ಗುಡ್ಡದಲ್ಲಿ ಕೂತಿದೆ.

ಲಿಂಗಸುಗೂರಿನಲ್ಲಿ ನಾವು ಇಳಿದದ್ದು ಒಗ್ಗರಣೆ ಮಂಡಾಳು ಮತ್ತು ಮಿರ್ಚಿ ತಿನ್ನಲಿಕ್ಕೆ, ಬೇರೆ ನೆಪ ಹೇಳುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಇದು ದಂಡು ಇದ್ದ ಊರು. ಈ ಸೀಮೆಯಲ್ಲೆಲ್ಲ ಅಧಿಕಾರಿಯಾಗಿ ಓಡಾಡಿದ ಮೆಡೋಸ್ ಟೇಲರ್, 1824ರಲ್ಲಿ ಹಡಗು ಹತ್ತಿದಾಗ ಹದಿನೈದು ವರ್ಷದ ಹುಡುಗ. ಮುಂದೆ ಸುರಪುರದ ಎಳೆಯ ರಾಜ ವೆಂಕಟಪ್ಪ ನಾಯಕ ಅವನನ್ನು "ಅಪ್ಪಾ" ಎಂದೇ ಕರೆಯುತ್ತಿದ್ದ. ಇದನ್ನು ಹೇಳಿದಾಗ ದೊಡ್ಡವಳು ಮಿರ್ಚಿಯ ಖಾರಕ್ಕೆ ಕಣ್ಣೀರು ಸುರಿಸುತ್ತ, ಹಡಗಿನಲ್ಲಿ ಅವನ ಜೊತೆ ಅಮ್ಮ ಇದ್ದಳೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇರಲಿಲ್ಲ ಎಂದೆ.

ನಮ್ಮ ಪಕ್ಕದ ಬೆಂಚಿನಲ್ಲಿ ಕೂತಿದ್ದವರು ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರು. ನೆಲದಿಂದ ಎರಡು ಸಾವಿರ ಅಡಿಗಿಂತಲೂ ಕೆಳಗೆ ಇಳಿದು ಕೆಲಸ ಮಾಡಿದವರು. ಸಣ್ಣವನಿಗೆ ಒಂದೇ ಕುತೂಹಲ, ಅಷ್ಟು ಚಿನ್ನದಲ್ಲಿ ಮನೆಗೆ ಎಷ್ಟು ತಂದಿರಿ? ಅವರು ನಕ್ಕುಬಿಟ್ಟರು. "ಒಂದು ಟನ್ ಕಲ್ಲು ಒಡದ್ರ ಕೆಲವೇ ಗ್ರಾಂ ಚಿನ್ನ ಬರ್ತದಪಾ. ಕಲ್ಲಿನ್ಯಾಗ ಅದು ಕಣ್ಣಿಗೂ ಕಾಣಂಗಿಲ್ಲ. ನನ್ನ ಕಿಸೆಕ್ಕ ಬಂದಿದ್ದು ಧೂಳು." ಆಮೇಲೆ ದೊಡ್ಡವಳ ಕಡೆ ತಿರುಗಿ, "ನಿಂದ್ಯಾವೂರವ್ವಾ?" ಎಂದರು. ಆಕೆ ಪಿಸುಗುಟ್ಟಿದಳು: "ಡಲ್ಲಾಸ್." ಅವರು ನನ್ನತ್ತ ನೋಡಿ ಗಂಭೀರವಾಗಿ ಕೇಳಿದರು, "ಅದು ಗಂಗಾವತಿ ಕಡೀಗ್ ಬರ್ತದೇನ್ರಿ?"

ಜೂನ್ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮಕ್ಕಳು ಕರಿಮಣ್ಣು ಕಲಸಿ ಎತ್ತುಗಳನ್ನು ಮಾಡಿದರು. ಮರುದಿನ ಒಂದು ಜೋಡಿ ಎತ್ತು ತಟ್ಟೆಯಲ್ಲಿಟ್ಟುಕೊಂಡು ಬಂಗಾಳಿ ಕ್ಯಾಂಪಿಗೆ ಹೋದೆವು.

ದೂರದ ಓದುಗರಿಗೆ ಈ ಕ್ಯಾಂಪುಗಳ ಬಗ್ಗೆ ಹೇಳಬೇಕು. ದೇಶ ವಿಭಜನೆಯ ಮೇಲೆ ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ಮನೆಮಠ ಬಿಟ್ಟು ಬಂದವರಿಗೆ ಸರ್ಕಾರ ದೇಶದ ಹಲವೆಡೆ ನೆಲೆ ಕೊಟ್ಟಿತು. 1971ರ ಆಸುಪಾಸಿನಲ್ಲಿ ನೂರಾರು ಕುಟುಂಬಗಳು ಸಿಂಧನೂರು ತಾಲ್ಲೂಕಿಗೆ ಬಂದವು. ಅವರಿದ್ದ ಜಾಗಗಳಿಗೆ ಇಂದಿಗೂ ಆರ್.ಎಚ್. ಕ್ಯಾಂಪ್ ಎಂದೇ ಹೆಸರು, ಗುರುತಿಗೆ ನಂಬರು. ಅಲ್ಲಿನ ಹುಡುಗನೊಬ್ಬ ಸೈಕಲ್ ತುಳಿದು ನನ್ನ ಶಾಲೆಗೆ ಬರುತ್ತಿದ್ದ, ಕನ್ನಡದಲ್ಲಿ ಕ್ಲಾಸಿಗೇ ಮೊದಲು. ನಾವು ಹೋದದ್ದು ಅವನ ಮನೆಗೆ. ಅವನ ತಾಯಿ ಹತ್ತು ವರ್ಷದ ಹುಡುಗಿಯಾಗಿದ್ದಾಗ ಇಲ್ಲಿಗೆ ಬಂದವರು.

ಅಂಗಳದಲ್ಲಿ ಒಬ್ಬರು ಬಿದಿರು, ಭತ್ತದ ಹುಲ್ಲು ತಂದು ರಾಶಿ ಹಾಕುತ್ತಿದ್ದರು. ನಾಳೆ ಜಗನ್ನಾಥನ ರಥಯಾತ್ರೆ, ಅಂದೇ ದುರ್ಗಾಮೂರ್ತಿಯ ಚೌಕಟ್ಟಿನ ಕೆಲಸ ಶುರು ಮಾಡುವುದು ಅವರ ಸಂಪ್ರದಾಯ. ಮೊದಲು ಹುಲ್ಲಿನ ಮೈ, ಆಮೇಲೆ ಮಣ್ಣು. ನಮ್ಮ ತಟ್ಟೆಯ ಎತ್ತುಗಳನ್ನು ನೋಡಿ ಅಜ್ಜಿಗೆ ಖುಷಿಯೋ ಖುಷಿ. "ಇದೂ ಕರಿಮಣ್ಣು, ಅದೂ ಕರಿಮಣ್ಣು" ಎನ್ನುತ್ತ ಒಳಗಿಟ್ಟು ಬಂದು, ದೊಡ್ಡವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಕೇಳಿದ್ದು ಅದೇ ಪ್ರಶ್ನೆ, ಯಾವೂರು. ಉತ್ತರ ಬರಲಿಲ್ಲ. ಅಜ್ಜಿ ಅದಕ್ಕಾಗಿ ಕಾಯಲೂ ಇಲ್ಲ, ತಮ್ಮ ಕಥೆ ಶುರು ಮಾಡಿದರು.

"ನಾವು ಖುಲ್ನಾದವ್ರು. ಅಲ್ಲಿ ಎಲ್ಲಿ ನೋಡಿದ್ರೂ ನೀರು. ಇಲ್ಲಿ ಬಂದು ನೋಡ್ತೀವಿ, ನೆಲ ಬಾಯಿ ಬಿಟ್ಟದ, ಜಾಲಿ ಮುಳ್ಳು ಬಿಟ್ರ ಏನಿಲ್ಲ. ಪಕ್ಕದ ಊರಿನ ಅವ್ವ ಒಬ್ಬಾಕಿ ಕಟಕ ರೊಟ್ಟಿ ತಂದು ಕೊಟ್ಲು. ನಾನು ಅದು ತಟ್ಟಿ ಅಂತ ತಿಳ್ಕೊಂಡೆ! ಕೈಯಾಗ ಹಿಡಕೊಂಡು ಊಟ ಹಾಕ್ತಾರ ಅಂತ ಕಾಯ್ತಾ ಕೂತೆ."

ಸಣ್ಣವನು ಬಿದ್ದು ಬಿದ್ದು ನಕ್ಕ. ಅಜ್ಜಿಯೂ ನಕ್ಕರು.

"ಇನ್ನೊಂದಿನ ಹಸಿವು ತಡಿಲಾರದ ಆ ಅವ್ವನ ಮನಿಗೆ ಹೋಗಿ 'ಭಾತ್, ಭಾತ್' ಅಂದೆ. ನಮ್ಮ ಮಾತಿನ್ಯಾಗ ಭಾತ್ ಅಂದ್ರ ಅನ್ನ. ಆಕಿ ಒಳಗ ಹೋಗಿ ಒಂದು ಸೇರು ಭತ್ತ ತಂದು ಉಡಿಗೆ ಹಾಕಿದ್ಲು! ಓಣಿ ಮಂದಿ ಎಲ್ಲಾ ನಕ್ರು. ನಾನು ಅಳಕೋತ ಬಂದೆ. ನಮ್ಮವ್ವ ಅದನ್ನ ಕುಟ್ಟಿ ಅನ್ನ ಮಾಡಿ ಉಣಿಸಿದ್ಲು."

ಆಗ, ಮೂರು ವಾರಗಳ ಮೇಲೆ, ನನ್ನ ಮೊಮ್ಮಗಳ ಬಾಯಿಂದ ಕನ್ನಡ ಬಂತು. "ಅಜ್ಜಿ, ನಿಮಗೆ ಕನ್ನಡವನ್ನು ಯಾರು ಕಲಿಸಿದರು?"

ಮಗಳು ನನ್ನನ್ನು ನೋಡಿದಳು. ನಾನು ಮಾತಾಡಲಿಲ್ಲ.

"ಯಾರ್ ಕಲಿಸ್ತಾರ ಮಗಾ? ನಾನು ಮಾತಾಡ್ತಿದ್ದೆ, ಅವ್ರು ನಗ್ತಿದ್ರು. ನಕ್ಕ ಮ್ಯಾಲೆ ಸರಿ ಮಾತು ಹೇಳ್ತಿದ್ರು. ಮರುದಿನ ಮತ್ತ ಹೋಗ್ತಿದ್ದೆ."

"ಅಳು ಬರಲಿಲ್ಲವೇ?"

"ಬರ್ತಿತ್ತು. ಹೊಟ್ಟಿ ಹಸೀತಿತ್ತಲ್ಲ, ಹೋಗಲೇಬೇಕಿತ್ತು."

ಅಜ್ಜಿ ಎದ್ದು ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಅದರೊಳಗೆ ಮಡಿಕೆ ಮಡಿಕೆಯಲ್ಲಿ ಸವೆದ ಕಾಗದ. ಗಡಿ ದಾಟಿದ ದಿನ ಅವರ ಅಪ್ಪನ ಕೈಗೆ ಕೊಟ್ಟ ಚೀಟಿ. ಇಲ್ಲಿ ಬೇಸಾಯ ಮಾಡಿ, ಮಕ್ಕಳನ್ನು ಓದಿಸಿ, ಕನ್ನಡದ ಸೊಸೆಯನ್ನೂ ತಂದುಕೊಂಡ ಮೇಲೂ ಈ ಕ್ಯಾಂಪುಗಳ ಹಲವು ಮನೆಯವರು ಪೌರತ್ವದ ಕಾಗದಕ್ಕಾಗಿ ದಶಕಗಟ್ಟಲೆ ಕಾದಿದ್ದಾರೆ. ಎಲ್ಲಿ ಯಾವ ಅರ್ಜಿ ಹಾಕಬೇಕಾದರೂ ಮೊದಲು ಈ ಚೀಟಿ ಹೊರಗೆ ಬರುತ್ತಿತ್ತಂತೆ. ನನ್ನ ಮೊಮ್ಮಗಳ ಹತ್ತಿರ ಅಮೆರಿಕದ ನೀಲಿ ಪಾಸ್‌ಪೋರ್ಟ್ ಇದೆ, ಭಾರತಕ್ಕೆ ಬೇಕೆಂದಾಗ ಬರಲು ಓಸಿಐ ಕಾರ್ಡೂ ಇದೆ. ವಿಮಾನ ನಿಲ್ದಾಣದಲ್ಲಿ ಅವೆರಡನ್ನೂ ತಾನೇ ಹಿಡಿದುಕೊಂಡಿದ್ದಳಂತೆ. ಆಕೆ ಚೀಟಿಯನ್ನು ಮುಟ್ಟಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ಬಗ್ಗಿ ನೋಡಿದಳು. "ಇದು ಹರಿದರೆ?" ಎಂದು ಕೇಳಿದಳು.

"ಅದಕ್ಕೇ ಚೀಲದಾಗ ಇಟ್ಟೀನಿ" ಎಂದರು ಅಜ್ಜಿ.

ಹೊರಡುವಾಗ ಮನೆಯವರು ಕೆರೆಯ ಮೀನಿನ ಸಾರು, ಅನ್ನ ಉಂಡು ಹೋಗಿರೆಂದು ಹಟ ಹಿಡಿದರು. ಮೀನು ತಿನ್ನದ ನನಗೆ ಬದನೆಕಾಯಿ ಹುರಿದರು. ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ, ಗದ್ದೆಗಳೆಲ್ಲ ಒಣಗಿ ನಿಂತಿದ್ದವು. ದೊಡ್ಡವಳು ದಾರಿಯುದ್ದಕ್ಕೂ ಮಗಳನ್ನು ಒಂದೊಂದೇ ಮಾತು ಕೇಳಿ ತಿಳಿದುಕೊಳ್ಳುತ್ತಿದ್ದಳು. ಜಾಲಿ ಎಂದರೇನು, ಸೇರು ಎಂದರೆ ಎಷ್ಟು, ಉಡಿ ಎಂದರೆ ಏನು.

ಮರುದಿನ ಸಂಜೆ ಓಣಿಯಲ್ಲಿ ಆಕೆಯ ದನಿ ಕೇಳಿಸಿತು. "ನಿಮ್ಮ ಆಡು ಏನ್ ತಿನ್ನುತ್ತದ?" ಅರ್ಧ ಪುಸ್ತಕ, ಅರ್ಧ ಸಿಂಧನೂರು. ಮಕ್ಕಳು ಮತ್ತೆ ನಕ್ಕರು. "ತಿಂತದ ಅನ್ನು" ಎಂದಿತು ಒಂದು ಹುಡುಗಿ. "ತಿಂತದ" ಎಂದಳು ನಮ್ಮವಳು, ಸ್ವಲ್ಪ ಸಿಟ್ಟಿನಿಂದಲೇ. ಆ ಹುಡುಗಿ ಒಳಗೆ ಓಡಿ ಹೋಗಿ ಒಂದು ಹಿಡಿ ಹಸಿ ಸೊಪ್ಪು ತಂದು ಆಕೆಯ ಕೈಗೆ ಕೊಟ್ಟಿತು.

ಆಗಸ್ಟಿನಲ್ಲಿ ಅವರು ವಾಪಸಾದರು. ದಸರೆಗೆ ನಾನು ಕ್ಯಾಂಪಿನ ದುರ್ಗೆಯ ಫೋಟೋ ಕಳಿಸಿದೆ. ಅಂದು ರಾತ್ರಿ ಫೋನು ಬಂತು. ಎತ್ತುಗಳು ಎಲ್ಲಿವೆ ಎಂದಳು. ಅಜ್ಜಿ ಅವನ್ನು ಗೋಡೆಯ ಗೂಡಿನಲ್ಲಿ ಇಟ್ಟಿದ್ದಾರೆ, ಆದರೆ ಒಂದರ ಕೊಂಬು ಮುರಿದಿದೆ ಎಂದೆ.

"ಯಾವ್ದರದ್ದು ತಾತಾ? ನಂದೋ, ತಮ್ಮಂದೋ?"