ಗಿಟಾರ್ ಕೊರಳೊಳಗಿನ ಉಕ್ಕಿನ ಸರಳು

ಉತ್ಸಾಹದಿಂದ ಗಿಟಾರ್ ಕಲಿಯಲು ಹೊರಟ ಮಕ್ಕಳಲ್ಲಿ ಕೆಲವರು ನಾಲ್ಕಾರು ತಿಂಗಳಲ್ಲೇ ಅದನ್ನು ಮೂಲೆಗೆ ಒರಗಿಸಿಬಿಡುತ್ತಾರೆ. ಬೆರಳು ನೋಯುತ್ತದೆ ಎಂಬುದು ಮಕ್ಕಳ ದೂರು. ಆಸಕ್ತಿಯೇ ಇಲ್ಲ ಎಂಬುದು ಹೆತ್ತವರ ತೀರ್ಮಾನ. ತಪ್ಪು ಇಬ್ಬರದೂ ಅಲ್ಲದೆ ವಾದ್ಯದ್ದೇ ಆಗಿರಬಹುದು. ತಂತಿಗಳು ಇರಬೇಕಾದುದಕ್ಕಿಂತ ಎತ್ತರದಲ್ಲಿದ್ದರೆ ಅವನ್ನು ಒತ್ತುವುದು ಎಳೆಯ ಬೆರಳುಗಳಿಗೆ ಶಿಕ್ಷೆಯೇ ಸರಿ. ಇದಕ್ಕೆ ಇರುವ ಕಾರಣಗಳಲ್ಲಿ ಒಂದು, ಗಿಟಾರಿನ ಕೊರಳು ಬಾಗುವುದು. ಆ ಬಾಗನ್ನು ಹತೋಟಿಯಲ್ಲಿಡಲೆಂದೇ ಕೊರಳಿನೊಳಗೆ ಉಕ್ಕಿನ ಸರಳೊಂದನ್ನು ಹುದುಗಿಸಿರುತ್ತಾರೆ. ಅದರ ಹೆಸರು ಟ್ರಸ್ ರಾಡ್.

ಹೆದೆ ಏರಿಸಿದ ಬಿಲ್ಲು

ವೀಣೆಗೆ ದಂಡಿ ಇರುವಂತೆ ಗಿಟಾರಿಗೆ ಕೊರಳು. ಅಕೂಸ್ಟಿಕ್ ಗಿಟಾರಿನ ಆರು ಉಕ್ಕಿನ ತಂತಿಗಳನ್ನು ಶ್ರುತಿಗೆ ತಂದಾಗ ಅವುಗಳ ಒಟ್ಟು ಸೆಳೆತ ಸುಮಾರು 70 ಕಿಲೋ ಭಾರಕ್ಕೆ ಸಮ. ಒಬ್ಬ ದೊಡ್ಡ ಆಳು ಹಗಲೂ ರಾತ್ರಿ ಜೋತುಬಿದ್ದಂತೆ! ಹೆದೆ ಏರಿಸಿದಾಗ ಬಿಲ್ಲು ಬಾಗುವ ಹಾಗೆ ಕೊರಳೂ ತಂತಿಗಳ ಕಡೆಗೆ ಬಾಗುತ್ತದೆ. ಆಗ ನಡುಭಾಗದಲ್ಲಿ ತಂತಿಗೂ ಫ್ರೆಟ್ ಎಂಬ ಲೋಹದ ಮೆಟ್ಟುಗಳಿಗೂ ಅಂತರ ಹೆಚ್ಚುತ್ತದೆ.

ಹಾಗಾದರೆ ಕೊರಳು ಗೆರೆ ಎಳೆದಷ್ಟು ನೇರವಾಗಿರಬೇಕೆ? ಅದೂ ಅಲ್ಲ. ಮೀಟಿದ ತಂತಿ ತನ್ನ ನಡುವಿನಲ್ಲಿ ಹೆಚ್ಚು ಅಗಲಕ್ಕೆ ಕಂಪಿಸುತ್ತದೆ. ಅದಕ್ಕೆ ಜಾಗ ಸಾಲದಿದ್ದರೆ ಮೆಟ್ಟಿಗೆ ತಗುಲಿ ‘ಝರ್’ ಎನ್ನುತ್ತದೆ. ಆದ್ದರಿಂದ ಸುಮಾರು ಕಾಲು ಮಿಲಿಮೀಟರಿನಷ್ಟು ಬಾಗು ಇದ್ದರೆ ಒಳ್ಳೆಯದು. ಈ ಕಾಲು ಮಿಲಿಮೀಟರನ್ನು ಕಾಪಾಡುವುದೇ ಸರಳಿನ ಕೆಲಸ.

ಮರವೊಂದೇ ಸಾಲದು

ಅಮೆರಿಕದ ಕಲಮಜೂ ಪಟ್ಟಣದ ಗಿಬ್ಸನ್ ಕಂಪೆನಿಯಲ್ಲಿ ಕೆಲಸಕ್ಕಿದ್ದ ಥ್ಯಾಡಿಯಸ್ ಮೆಕ್‌ಹ್ಯೂ, ತಿರುಗಿಸಿ ಹೊಂದಿಸಬಹುದಾದ ಸರಳಿಗೆ 1921ರಲ್ಲಿ ಪೇಟೆಂಟ್ ಕೋರಿದ. 1923ರಲ್ಲಿ ಅದು ದೊರೆಯಿತು. ಎಲ್ಲರೂ ಅದನ್ನು ಕೂಡಲೇ ಒಪ್ಪಲಿಲ್ಲ. ಗಟ್ಟಿ ಮೇಪಲ್ ಮರಕ್ಕೆ ಸರಳು ಬೇಡವೆಂದು ಲಿಯೋ ಫೆಂಡರ್ ನಂಬಿದ್ದ. 1950ರಲ್ಲಿ ಅವನ ಮೊದಮೊದಲ ಎಲೆಕ್ಟ್ರಿಕ್ ಗಿಟಾರುಗಳ ಕೊರಳು ಬಾಗತೊಡಗಿದಾಗ ಅದೇ ವರ್ಷ ಸರಳು ಸೇರಿಸಬೇಕಾಯಿತು. ಕೊರಳಿನ ಹಿಂಬದಿಯಿಂದ ಕಾಲುವೆ ಕೊರೆದು, ಸರಳಿಟ್ಟು, ವಾಲ್‌ನಟ್ ಮರದ ಪಟ್ಟಿಯಿಂದ ಮುಚ್ಚಿದರು. ಆ ಕಂದುಗೆರೆ ಮುಂದೆ ಫೆಂಡರ್ ಗಿಟಾರಿನ ಗುರುತೇ ಆಯಿತು. ಹಳೆಯ ಹೆಸರಾದ ಮಾರ್ಟಿನ್ ಕಂಪೆನಿ ಹೊಂದಿಸಬಹುದಾದ ಸರಳನ್ನು ಅಳವಡಿಸಿಕೊಂಡದ್ದು 1985ರಲ್ಲಿ.

ಅಂಟಿಸುವ ಮುನ್ನ

ಸರಳಿನಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದನ್ನು ಡೊಂಕಾದ ಕಾಲುವೆಯಲ್ಲಿ, ನಡುಭಾಗ ಕೊರಳಿನ ಬೆನ್ನಿನತ್ತ ತಗ್ಗಿರುವಂತೆ ಕೂರಿಸುತ್ತಾರೆ. ನಟ್ ಬಿಗಿದಂತೆ ಸರಳು ನೆಟ್ಟಗಾಗಲು ಹವಣಿಸಿ, ಕೊರಳಿನ ನಡುವನ್ನು ತಂತಿಯತ್ತ ಎತ್ತುತ್ತದೆ. ಎರಡನೆಯದು ಜೋಡಿ ಸರಳು. ಇದಕ್ಕೆ ನೇರ ಕಾಲುವೆ ಸಾಕು. ಒಂದೇ ನಟ್ ತಿರುಗಿಸಿ ಕೊರಳನ್ನು ಎರಡೂ ಕಡೆಗೆ ಹೊಂದಿಸಬಹುದು.

ಜೋಡಿ ಸರಳು ಕೂರಿಸುವವರು ಮೊದಲು ಮರದ ನಟ್ಟನಡುವೆ ಗೆರೆ ಎಳೆದು, ರೂಟರ್ ಯಂತ್ರದಿಂದ ಕಾಲುವೆ ಕೊರೆಯುತ್ತಾರೆ. ಅಗಲ ಸಾಮಾನ್ಯವಾಗಿ 6 ಮಿಲಿಮೀಟರ್. ಆಳ, ತಂದ ಸರಳಿಗೆ ತಕ್ಕಂತೆ. ಕಾಲುವೆ ಸಡಿಲವಾದರೆ ನುಡಿಸುವಾಗ ಸರಳು ಒಳಗೇ ಗಿಲಕಿಯಾಡುತ್ತದೆ. ಆಳ ಮಿತಿಮೀರಿದರೆ ಕೊರಳಿನ ಬೆನ್ನು ಕೆತ್ತುವಾಗ ಸರಳೇ ಹೊರಗೆ ಇಣುಕೀತು! ಸರಳನ್ನು ಎರಡೂ ಕಡೆಗೆ ತಿರುಗಿಸಿ ಪರೀಕ್ಷಿಸುವುದು, ಅಂಟು ಒಳಗೆ ಇಳಿಯದಂತೆ ಕಾಲುವೆಯ ಮೇಲೆ ತೆಳುವಾದ ಟೇಪ್ ಹಚ್ಚುವುದು, ಇವೆಲ್ಲ ಮುಗಿದ ಮೇಲೆಯೇ ಬೆರಳುಹಲಗೆಯನ್ನು ಅಂಟಿಸಬೇಕು. ಮಲೆನಾಡಿನ ಕಾಡುಗಳಲ್ಲೂ ಬೆಳೆಯುವ ಬೀಟೆ ಮರ ಈ ಹಲಗೆಗೆ ಹೆಸರುವಾಸಿ. ಒಮ್ಮೆ ಅಂಟಿಸಿದರೆ ಮುಗಿಯಿತು. ಒಳಗಿನ ತಪ್ಪು ತಿದ್ದಲು ಹಲಗೆಯನ್ನು ಬಿಸಿ ಮಾಡಿ ಕೀಳಬೇಕಾದೀತು.

ಕೊಂಡವರು ತಿಳಿದಿರಬೇಕಾದ್ದು

ಪರೀಕ್ಷೆ ಸುಲಭ. ಶ್ರುತಿಗೊಂಡ ಗಿಟಾರಿನ ದಪ್ಪ ತಂತಿಯನ್ನು ಮೊದಲ ಮೆಟ್ಟಿನಲ್ಲೂ ಕೊರಳು ಒಡಲನ್ನು ಸೇರುವ ಮೆಟ್ಟಿನಲ್ಲೂ ಒತ್ತಿ ಹಿಡಿಯಿರಿ. ಏಳನೆಯ ಮೆಟ್ಟಿನ ಬಳಿ ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಕಂಡರೆ ಚಿಂತೆಯಿಲ್ಲ. ಹೆಚ್ಚಿದ್ದರೆ ನಟ್ಟನ್ನು ಬಲಕ್ಕೆ, ಏನೂ ಇಲ್ಲದಿದ್ದರೆ ಎಡಕ್ಕೆ, ಒಂದು ಸಲಕ್ಕೆ ಕಾಲು ಸುತ್ತು ಮೀರದಂತೆ ತಿರುಗಿಸಿ, ಮತ್ತೆ ಶ್ರುತಿ ಮಾಡಿ ನೋಡಬೇಕು. ಬಿಗಿಯೆನಿಸಿದರೆ ಬಲ ಪ್ರಯೋಗ ಬೇಡ. ರಿಪೇರಿ ಬಲ್ಲವರಿಗೆ ಒಪ್ಪಿಸಿ. ಬಾಗು ಸರಿಯಿದ್ದೂ ತಂತಿ ಎತ್ತರದಲ್ಲೇ ಇದ್ದರೆ ದೋಷ ಬೇರೆಡೆ ಇದೆ. ಸರಳನ್ನು ತಿರುಚಿ ಫಲವಿಲ್ಲ.

ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುವ ಮರ, ಬೇಸಗೆಯಲ್ಲಿ ಕುಗ್ಗುತ್ತದೆ. ಆದ್ದರಿಂದ ಋತು ಬದಲಾದಾಗಲೊಮ್ಮೆ ಈ ಪರೀಕ್ಷೆ ಮಾಡಿಕೊಳ್ಳುವುದು ಲೇಸು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ ಸೆಳೆತ ಕಡಿಮೆ, ಕೊರಳು ದಪ್ಪ. ಆದ್ದರಿಂದ ಸಾಮಾನ್ಯವಾಗಿ ಸರಳು ಇರುವುದಿಲ್ಲ. ಅದಕ್ಕೆ ಎಂದೂ ಉಕ್ಕಿನ ತಂತಿ ಕಟ್ಟಬಾರದು. ಹೊಸ ಗಿಟಾರ್ ಕೊಳ್ಳುವಾಗ ಬಣ್ಣ, ಹೊಳಪು ನೋಡುವುದರ ಜೊತೆಗೆ ಸರಳು ಇದೆಯೇ, ಅದರ ಕೀಲಿ ಕೊಡುತ್ತಾರೆಯೇ ಎಂದು ಅಂಗಡಿಯವರನ್ನು ಕೇಳಿ. ಮಗುವಿಗೆ ಸಂಗೀತ ಒಲಿಯಲಿಲ್ಲ ಎಂದು ಷರಾ ಬರೆಯುವ ಮುನ್ನ ವಾದ್ಯದ ಕೊರಳನ್ನೊಮ್ಮೆ ನೋಡುವುದು ನ್ಯಾಯ.