ಬಂಡಸಾಲೆಯ ಬಾಳ್ವೆ: ಕೊಚ್ಚಿಯ ಆಸ್ಪಿನ್‌ವಾಲ್ ಕೋಠಿ ಕಂಡ ಬದಲಾವಣೆಗಳು

ದೇಗುಲ, ಕೋಟೆ, ಅರಮನೆಗಳ ಚರಿತ್ರೆಯನ್ನು ನಾವು ಮಕ್ಕಳಿಗೆ ಪಾಠವಾಗಿ ಹೇಳುತ್ತೇವೆ. ಆದರೆ ರೈತನು ಬೆಳೆದುದನ್ನು ಒಣಗಿಸಿ, ಹಸನುಗೊಳಿಸಿ, ಮೂಟೆ ಕಟ್ಟಿ, ಕಡಲಾಚೆಗೆ ಕಳುಹಿಸಿದ ಕಟ್ಟಡಗಳ ಚರಿತ್ರೆಯು ನಮ್ಮ ಪಠ್ಯಪುಸ್ತಕಗಳಲ್ಲಿ ವಿರಳ. ನಮ್ಮ ಕರಾವಳಿಯ ಜನರು ಬಂಡಸಾಲೆಯೆಂದೂ ಮಲೆಯಾಳಿಗಳು ಪಾಂಡಿಕಶಾಲೆಯೆಂದೂ ಕರೆಯುವ ಉಗ್ರಾಣಗಳು ಒಂದು ಕಾಲಕ್ಕೆ ಊರಿನ ಅನ್ನದ ಬಾಗಿಲುಗಳಾಗಿದ್ದವು. ವ್ಯಾಪಾರವು ದಾರಿ ಬದಲಿಸಿದೊಡನೆ ಅವು ಬಾವಲಿಗಳ ಬೀಡಾದವು. ಅಂತಹ ಕಟ್ಟಡವೊಂದು ಮರಳಿ ಬದುಕಿದ ಬಗೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಅದು ನಮ್ಮದೇ ರಾಜ್ಯದ ಕೊಚ್ಚಿಯಲ್ಲಿರುವ ಆಸ್ಪಿನ್‌ವಾಲ್ ಕೋಠಿ.

ಕೊಚ್ಚಿಕೋಟೆಯಿಂದ ಮಟ್ಟಾಂಚೇರಿಗೆ ಹೋಗುವ ದಾರಿಯಲ್ಲಿ, ಹಿನ್ನೀರಿಗೆ ಮುಖಮಾಡಿ ಈ ಕೋಠಿಯು ನಿಂತಿದೆ. ಜಾನ್ ಎಚ್. ಆಸ್ಪಿನ್‌ವಾಲ್ ಎಂಬ ಆಂಗ್ಲ ವರ್ತಕನು 1867ರಲ್ಲಿ ಸ್ಥಾಪಿಸಿದ ವ್ಯಾಪಾರ ಸಂಸ್ಥೆಯ ನೆಲೆ ಇದು. ತೆಂಗಿನೆಣ್ಣೆ, ಕರಿಮೆಣಸು, ಶುಂಠಿ, ಅರಸಿನ, ಮಜ್ಜಿಗೆಹುಲ್ಲಿನ ಎಣ್ಣೆ, ಮರಮಟ್ಟು, ಚರ್ಮ ಇವು ಮೊದಲಿನ ಸರಕುಗಳು. ಅನಂತರ ತೆಂಗಿನ ನಾರು, ಕಾಫಿ, ಚಹ, ರಬ್ಬರುಗಳೂ ಸೇರಿಕೊಂಡವು. ಕಚೇರಿ, ವಾಸದ ಬಂಗಲೆ, ಸಾಲು ಉಗ್ರಾಣಗಳು, ಸಣ್ಣಪುಟ್ಟ ಕೊಟ್ಟಿಗೆಗಳು ಎಲ್ಲವೂ ಒಂದೇ ಆವರಣದಲ್ಲಿವೆ. ಲೆಕ್ಕ ಬರೆಯುವವನು, ಯಜಮಾನನು, ಸರಕು, ಕೂಲಿಯವನು ಎಲ್ಲರೂ ಒಂದೇ ಗೋಡೆಯೊಳಗೆ ದಿನಗಳೆದರೆಂಬುದು ಇದರಿಂದ ವೇದ್ಯವಾಗುತ್ತದೆ.

ಇಂತಹ ಉಗ್ರಾಣಗಳ ರಚನೆಯು ಸರಕಿನ ಗುಣಕ್ಕೆ ಅನುಗುಣವಾಗಿತ್ತು. ಮೆಣಸಿಗೂ ಶುಂಠಿಗೂ ತೇವವೇ ಶತ್ರು. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಸುರಿಯುವ ನಾಡಿನಲ್ಲಿ ಅವುಗಳನ್ನು ಬೂಷ್ಟು ಹಿಡಿಯದಂತೆ ಕಾಪಾಡುವುದು ಸಾಮಾನ್ಯ ಕೆಲಸವಲ್ಲ. ಆದುದರಿಂದ ಗೋಡೆಗಳು ದಪ್ಪವಾದವು, ಮಾಡು ಎತ್ತರವಾಯಿತು. ಬಿಸಿಗಾಳಿಯು ಮೇಲೇರಿ ಹೆಂಚಿನ ಸಂದಿಯಿಂದ ಹೊರಹೋಗುತ್ತಿತ್ತು. ಕಿಟಿಕಿಗಳು ಮೇಲ್ಗಡೆಯಲ್ಲಿದ್ದು, ಗಾಳಿಯು ಒಳಬಂದರೂ ಬಿಸಿಲು ಸರಕನ್ನು ಮುಟ್ಟುತ್ತಿರಲಿಲ್ಲ. ಇಬ್ಬರು ಆಳುಗಳು ಮೂಟೆ ಹೊತ್ತು ಎದುರುಬದುರಾಗಿ ಹಾದುಹೋಗುವಷ್ಟು ಬಾಗಿಲುಗಳು ಅಗಲವಾಗಿದ್ದವು. ಒಳನಾಡಿನ ಸರಕು ದೋಣಿಗಳಲ್ಲಿ ಹಿನ್ನೀರಿನ ಮೂಲಕ ಬಂದು ಕೋಠಿಯ ಕಟ್ಟೆಯಲ್ಲೇ ಇಳಿಯುತ್ತಿತ್ತು.

ಗಡಿನಾಡಿನ ನಮಗೂ ಈ ವ್ಯಾಪಾರವು ಪರಕೀಯವಲ್ಲ. ಆಸ್ಪಿನ್‌ವಾಲ್ ಸಂಸ್ಥೆಯ ಕಾಫಿ ಹಸನುಮಾಡುವ ಕಾರ್ಖಾನೆಯು ಮಂಗಳೂರಿನಲ್ಲಿದ್ದುದನ್ನು ನಮ್ಮ ಭಾಗದ ಹಿರಿಯರು ಬಲ್ಲರು. ಕೊಡಗು, ಚಿಕ್ಕಮಗಳೂರುಗಳ ಕಾಫಿಯನ್ನು ಘಟ್ಟದ ಕೆಳಗೆ ಏಕೆ ತರುತ್ತಿದ್ದರೆಂದು ಮಕ್ಕಳು ಕೇಳುವುದುಂಟು. ಮಲೆಯ ಹವೆ ತಂಪು ಮತ್ತು ತೇವ. ಕರಾವಳಿಯಲ್ಲಿ ಬೇಸಗೆಯ ಬಿಸಿಲು ಖರ. ಸಿಪ್ಪೆಯನ್ನು ಸುಲಿಯುವ ಮೊದಲು ಬೀಜವು ಚೆನ್ನಾಗಿ ಒಣಗಬೇಕು; ಬಂದರವೂ ಹತ್ತಿರವಿರಬೇಕು. ಕೃಷಿಯು ಎಲ್ಲಿ ಮುಗಿಯಿತು, ಕೈಗಾರಿಕೆಯು ಎಲ್ಲಿ ಮೊದಲಾಯಿತು ಎಂದು ಗೆರೆಯೆಳೆಯಲಾಗದ ಸ್ಥಳಗಳಿವು.

ಇಷ್ಟು ಗಟ್ಟಿಯಾದ ವ್ಯವಸ್ಥೆಯು ಸಡಿಲಿದುದೆಂತು? ಹಿಂದೆ ದೊಡ್ಡ ಹಡಗುಗಳು ಅಳಿವೆಯ ಮರಳದಿಬ್ಬವನ್ನು ದಾಟಲಾರದೆ ಹೊರಗಡಲಲ್ಲೇ ಲಂಗರು ಹಾಕುತ್ತಿದ್ದವು. ಸರಕನ್ನು ದೋಣಿಗಳಲ್ಲಿ ಅಲ್ಲಿಗೆ ಒಯ್ಯಬೇಕಿತ್ತು. 1920ರಲ್ಲಿ ಕೊಚ್ಚಿಗೆ ಬಂದ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅಳಿವೆಯನ್ನು ಆಳಗೊಳಿಸಿದರು. 1928ರಲ್ಲಿ ಹಡಗುಗಳು ಒಳಗೆ ಬಂದವು. ತೋಡಿದ ಮಣ್ಣಿನಿಂದ ವೆಲ್ಲಿಂಗ್ಡನ್ ದ್ವೀಪವು ಮೈದಳೆಯಿತು. ಹಡಗುಕಟ್ಟೆ, ರೈಲು, ಹೊಸ ಗೋದಾಮುಗಳು ಅಲ್ಲಿಗೆ ಹೋದವು. ಮುಂದೆ ದೋಣಿಯ ಸ್ಥಾನವನ್ನು ಲಾರಿಯು ಆಕ್ರಮಿಸಿತು. 2011ರಲ್ಲಿ ವಲ್ಲಾರ್‌ಪಾಡಂನಲ್ಲಿ ಪೆಟ್ಟಿಗೆ ಸರಕಿನ ಬಂದರವು ಆರಂಭವಾಯಿತು. ನೀರಿನ ಅಂಚಿನಲ್ಲಿರುವುದೇ ಹಳೆಯ ಕೋಠಿಗಳ ಬಲವಾಗಿತ್ತು. ಇಕ್ಕಟ್ಟಾದ ಬೀದಿಯಲ್ಲಿ ಲಾರಿ ತಿರುಗದ ಕಾಲದಲ್ಲಿ ಅದೇ ಅವುಗಳ ದೌರ್ಬಲ್ಯವಾಯಿತು.

ಹೀಗೆ ಬರಿದಾದ ಆಸ್ಪಿನ್‌ವಾಲ್ ಕೋಠಿಯ ಬಾಗಿಲು 2012ರ ಡಿಸೆಂಬರ್ 12ರಂದು ಬೇರೊಂದು ಕಾರ್ಯಕ್ಕೆ ತೆರೆಯಿತು. ಕಲಾವಿದರಾದ ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಇವರ ಮುಂದಾಳುತನದಲ್ಲಿ ಕೊಚ್ಚಿ–ಮುಜಿರಿಸ್ ಬಿನಾಲೆ ಎಂಬ ಕಲಾಮೇಳವು ಅಲ್ಲಿ ಮೊದಲಾಯಿತು. ಎರಡು ವರ್ಷಗಳಿಗೊಮ್ಮೆ ನಡೆಯುವುದೆಂದು ಆ ಹೆಸರಿನ ಅರ್ಥ. 2014, 2016, 2018ರಲ್ಲಿ ಅದು ನಡೆಯಿತು. ಕೊರೋನಾದ ಕಾರಣ ಮುಂದೂಡಲ್ಪಟ್ಟ ಐದನೆಯ ಮೇಳವು 2022ರ ಡಿಸೆಂಬರಿನಲ್ಲಿ ನೆರವೇರಿತು. ಈ ಐದಕ್ಕೂ ಆಸ್ಪಿನ್‌ವಾಲ್ ಕೋಠಿಯೇ ಪ್ರಧಾನ ತಾಣವಾಗಿತ್ತು. ಸಮೀಪದ ‘ಪೆಪ್ಪರ್ ಹೌಸ್’ ಎಂಬ ಮೆಣಸಿನ ಕೋಠಿಯೂ ಇದೇ ಕಾರ್ಯಕ್ಕೆ ಒದಗಿತು.

ಮೆಣಸಿಗಾಗಿ ಕಟ್ಟಿದ ಮನೆಯು ಕಲೆಗೆ ಹೇಗೆ ಒಗ್ಗಿತೆಂದು ಆಶ್ಚರ್ಯಪಡಬೇಕಾಗಿಲ್ಲ. ವಿಶಾಲವಾದ ಅಂಕಣ, ಎತ್ತರದ ಮಾಡು, ದೊಡ್ಡ ವಸ್ತುಗಳನ್ನು ಒಳತರಬಲ್ಲ ಬಾಗಿಲು, ಕಣ್ಣು ಕುಕ್ಕದ ಬೆಳಕು ಇವೆಲ್ಲ ಎರಡಕ್ಕೂ ಬೇಕಾದವುಗಳೇ. ಮೊದಲ ಮೇಳದಲ್ಲಿ ವಿವಾನ್ ಸುಂದರಂ ಅವರು ಪಟ್ಟಣಂ ಉತ್ಖನನದಲ್ಲಿ ದೊರೆತ ಪ್ರಾಚೀನ ಮಡಕೆಚೂರುಗಳನ್ನು ನೆಲದ ಮೇಲೆ ಜೋಡಿಸಿ, ಕರಿಮೆಣಸನ್ನೂ ಬಳಸಿ, ಮುಳುಗಿಹೋದ ನಗರವೊಂದನ್ನು ಕಲ್ಪಿಸಿದರು. ಸುಬೋಧ್ ಗುಪ್ತ ಅವರು ಕೇರಳದ ದೋಣಿಯೊಂದರಲ್ಲಿ ಸಂಸಾರದ ಹಳೆಯ ಪಾತ್ರೆಪರಡಿಗಳನ್ನು ತುಂಬಿ ನಿಲ್ಲಿಸಿದರು. ಅಮೃತಶಿಲೆಯ ನುಣುಪು ಗೋಡೆಗಳ ನಡುವೆ ಇವು ಇಷ್ಟು ಮಾತಾಡುತ್ತಿರಲಿಲ್ಲವೆಂದು ನಮ್ಮ ಭಾವನೆ. ಉಗ್ರಾಣದ ಪೂರ್ವಸ್ಮೃತಿಯೇ ಕಲೆಗೆ ಅರ್ಧ ಅರ್ಥವನ್ನು ಒದಗಿಸಿತು. 2014ರಿಂದ ಕಲಾಶಾಲೆಗಳ ವಿದ್ಯಾರ್ಥಿಗಳಿಗೂ ಪ್ರತ್ಯೇಕ ಪ್ರದರ್ಶನದ ಅವಕಾಶ ದೊರೆತುದು ಶಿಕ್ಷಕರಾದ ನಮಗೆ ವಿಶೇಷ ಸಂತೋಷದ ಸಂಗತಿ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕೋಠಿಗೆ ಸ್ಥಾಪಕನ ಹೆಸರು ಉಳಿದಿದೆ. ಕಲಾವಿದರ ಹೆಸರು ಫಲಕದಲ್ಲಿದೆ. ನೂರೈವತ್ತು ವರ್ಷಗಳ ಕಾಲ ಈ ತೀರದಲ್ಲಿ ಮೂಟೆ ಹೊತ್ತವರು ಎಲ್ಲಿದ್ದಾರೆ? ಕೊಚ್ಚಿ ಬಂದರದಲ್ಲಿ ‘ಚಾಪ್ಪ’ ಎಂಬ ಪದ್ಧತಿಯಿತ್ತು. ಬೆಳಗಾಗುತ್ತಲೇ ನೂರಾರು ಮಂದಿ ಕೆಲಸಕ್ಕಾಗಿ ನೆರೆಯುತ್ತಿದ್ದರು. ಗುತ್ತಿಗೆದಾರನ ಕಡೆಯವನು ಲೋಹದ ಬಿಲ್ಲೆಗಳನ್ನು ಗುಂಪಿನ ಮೇಲೆ ಎಸೆಯುತ್ತಿದ್ದನು. ನೂಕಿ, ಬಿದ್ದು, ಹೊಡೆದಾಡಿ ಬಿಲ್ಲೆಯನ್ನು ಹಿಡಿದವನಿಗೆ ಅಂದಿನ ಕೂಲಿ. ಉಳಿದವರ ಮನೆಯಲ್ಲಿ ಅಂದು ಒಲೆ ಉರಿಯದು. ಇದರ ವಿರುದ್ಧ ಕಾರ್ಮಿಕರು ಹೋರಾಟ ಹೂಡಿದರು. 1953ರ ಸೆಪ್ಟೆಂಬರ್ 15ರಂದು ಮಟ್ಟಾಂಚೇರಿಯಲ್ಲಿ ಪೋಲೀಸರು ಗುಂಡು ಹಾರಿಸಿದರು. ಆ ಹೋರಾಟದಲ್ಲಿ ಸೈದು, ಸೈದಲವಿ, ಆಂಟನಿ ಎಂಬ ಮೂವರು ಪ್ರಾಣ ತೆತ್ತರು. ಮುಂದಿನ ವರ್ಷಗಳಲ್ಲಿ ಚಾಪ್ಪ ಪದ್ಧತಿಯು ಕೊನೆಗೊಂಡಿತು. 2023ರಲ್ಲಿ ತೆರೆಕಂಡ ‘ತುರಮುಖಂ’ ಎಂಬ ಮಲೆಯಾಳ ಚಲನಚಿತ್ರಕ್ಕೆ ಈ ಚರಿತ್ರೆಯೇ ವಸ್ತು. ಯಾವ ಕೋಠಿಯ ಸರಕನ್ನು ಯಾರು ಹೊತ್ತರೆಂದು ಬೇರ್ಪಡಿಸಿ ನೋಡುವುದು ಬೇಡ. ಈ ತೀರದ ಸಂಪತ್ತೆಲ್ಲವೂ ಅವರ ಹೆಗಲ ಮೇಲೆಯೇ ಸಾಗಿತು. ಕಟ್ಟಡವನ್ನು ಉಳಿಸಿ ದುಡಿಮೆಯನ್ನು ಮರೆತರೆ ನಾವು ಉಳಿಸಿಕೊಂಡುದು ಬರಿಯ ಗೋಡೆಯನ್ನು.

ಇದಕ್ಕೆ ಪ್ರತಿಯಾದ ಉದಾಹರಣೆಯು ಕೋಝಿಕ್ಕೋಡಿನಲ್ಲಿದೆ. ಮಾನಾಂಚಿರದ ದಡದ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯು ಮೊದಲನೆಯ ಮಹಾಯುದ್ಧದ ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ವಶಕ್ಕೆ ಬಂತು. 2009ರಲ್ಲಿ ಅದು ಮುಚ್ಚಿತು. ಅದನ್ನು ಸರಕಾರವು ವಹಿಸಿಕೊಳ್ಳಬೇಕೆಂದು ಕೇರಳದ ಶಾಸನಸಭೆಯು 2012ರಲ್ಲಿ ಮಸೂದೆಯನ್ನು ಅಂಗೀಕರಿಸಿತು. ರಾಷ್ಟ್ರಪತಿಗಳ ಒಪ್ಪಿಗೆ ದೊರೆತುದು 2018ರಲ್ಲಿ. ಬಾಗಿಲು ಮುಚ್ಚಿದಂದಿನಿಂದ ಒಪ್ಪಿಗೆಯ ತನಕ ಒಂಬತ್ತು ಮಳೆಗಾಲಗಳು ಕಳೆದವು. ಜನಸಂಚಾರವಿಲ್ಲದ ಹೆಂಚಿನ ಮನೆಯು ಒಂದೇ ಮಳೆಗಾಲದಲ್ಲಿ ಎಷ್ಟು ಸೊರಗುತ್ತದೆಂಬುದನ್ನು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಒಂದು ಹೆಂಚು ಜರುಗಿದರೆ ಪಕಾಸು ನೆನೆಯುತ್ತದೆ. ಪಕಾಸು ಕುಂಬಾದರೆ ತೊಲೆ ಕುಸಿಯುತ್ತದೆ. ಮಾಡು ಹೋದ ಮೇಲೆ ಗೋಡೆಗೆ ರಕ್ಷಣೆಯಿಲ್ಲ. ಆದುದರಿಂದ ಹಳೆಯ ಕಟ್ಟಡಕ್ಕೆ ಮೊದಲ ಔಷಧವು ಉಪಯೋಗವೇ. ಉಪಯೋಗವಿದ್ದಲ್ಲಿ ಹೆಂಚು ಸರಿಪಡಿಸುವ ಕೈಯೂ ಇರುತ್ತದೆ.

ಇನ್ನು ನಮ್ಮೂರುಗಳ ಕಡೆಗೆ ದೃಷ್ಟಿ ಹಾಯಿಸೋಣ. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಶನರಿಯು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಕರಾವಳಿಯುದ್ದಕ್ಕೂ ಅಂತಹವು ತಲೆಯೆತ್ತಿದವು. ಕಾಂಕ್ರೀಟು ಬಂದಂತೆ ಹಲವು ಮುಚ್ಚಿದವು. ಅಕ್ಕಿಗಿರಣಿ, ಎಣ್ಣೆಗಾಣ, ಅಡಿಕೆಯ ಬಂಡಸಾಲೆಗಳ ಗತಿಯೂ ಭಿನ್ನವಲ್ಲ. ಎಲ್ಲವನ್ನೂ ಕಲಾಮಂದಿರವಾಗಿಸಲು ಸಾಧ್ಯವಿಲ್ಲ, ಅವಶ್ಯವೂ ಇಲ್ಲ. ಕೊಚ್ಚಿಗೆ ಪ್ರವಾಸಿಗರಿದ್ದಾರೆ, ನಮ್ಮ ಹಳ್ಳಿಗೆ ವಾಚನಾಲಯ ಬೇಕು, ಯಕ್ಷಗಾನ ಕಲಿಯುವ ಜಾಗ ಬೇಕು, ರೈತರ ಸಹಕಾರಿ ಸಂಘಕ್ಕೆ ದಾಸ್ತಾನು ಕೋಣೆ ಬೇಕು. ಹಳೆಯ ಗಿರಣಿಯ ಮಾಡಿನ ಕೆಳಗೆ ಇವು ಯಾವುವೂ ಅಸಾಧ್ಯವಲ್ಲ.

ಹಣವು ಕೂಡುವ ಮೊದಲೇ ಮಾಡಬಹುದಾದ ಕೆಲಸವೊಂದಿದೆ. ಪ್ರತಿಯೊಂದು ಶಾಲೆಯೂ ತನ್ನ ಊರಿನ ಇಂತಹ ಒಂದು ಕಟ್ಟಡವನ್ನು ಆರಿಸಿಕೊಳ್ಳಲಿ. ಮಕ್ಕಳು ಅದರ ಉದ್ದಗಲವನ್ನು ಅಳೆದು ನಕ್ಷೆ ಬರೆಯಲಿ. ಬಿದ್ದ ಹೆಂಚನ್ನು ಮಗುಚಿ ಅದರ ಮೇಲೆ ಒತ್ತಿದ ಕಾರ್ಖಾನೆಯ ಹೆಸರನ್ನು ಓದಲಿ. ಅಲ್ಲಿ ದುಡಿದ ಹಿರಿಯರಿದ್ದರೆ ಅವರ ಮನೆಗೆ ಹೋಗಿ ಕೆಲಸದ ಕ್ರಮ, ಕೂಲಿ, ಉಪಕರಣಗಳ ಹೆಸರು ಇವನ್ನು ಕೇಳಿ ಬರೆದುಕೊಳ್ಳಲಿ. ಕನ್ನಡ, ತುಳು, ಮಲೆಯಾಳ ಮೂರೂ ಬೆರೆತ ಆ ಕಸುಬಿನ ಮಾತುಗಳು ಯಾವ ನಿಘಂಟಿನಲ್ಲೂ ಪೂರ್ಣವಾಗಿ ದೊರೆಯವು. ಆ ಹಿರಿಯರ ಸಂಖ್ಯೆಯು ವರ್ಷ ವರ್ಷವೂ ಕಡಿಮೆಯಾಗುತ್ತಿದೆ. ಕಟ್ಟಡಕ್ಕೆ ಹೊಸ ಉಪಯೋಗವು ನಾಳೆ ಬರಲಿ, ಹತ್ತು ವರ್ಷಗಳ ಮೇಲೆ ಬರಲಿ. ಈ ದಾಖಲೆಯು ಮಾತ್ರ ಈ ಬೇಸಗೆಯ ರಜೆಯಲ್ಲೇ ಆಗಬೇಕಾದುದು.